ಕಲಾಯಿ ಸಾಬರ ಅಕ್ಕ

ಹಸಿ ಕಸದ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ನಾನು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತೇನೆ. ಶಿವಮೊಗ್ಗದ ಈ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಅದನ್ನು ಗೇಟಿನವರೆಗೆ ಒಯ್ಯುವ ಕೆಲಸ ನನ್ನದೇ. "ಎಲ್ಲರ ಮನೆಯದ್ದೂ ಇದೇ ನಾತ, ನೀನೊಬ್ಬಳೇ ಸೆರಗು ಮೂಗಿಗೆ ಹಿಡಿಯೋದು" ಅಂತ ನಮ್ಮ ಯಜಮಾನರು ನಗುತ್ತಾರೆ. ಹಳಸಿದ ಅನ್ನ, ಹುಳಿ ಬಂದ ಮಜ್ಜಿಗೆ, ಅಕ್ಕಿ ತೊಳೆದ ನೀರು, ಹಬ್ಬದ ಮರುದಿನವಾದರೆ ಅದರ ಮೇಲೆ ತೇಲುವ ಒಂದಿಷ್ಟು ಬೆಲ್ಲ, ಏಲಕ್ಕಿಯ ವಾಸನೆ. ಆ ಸಿಹಿ ಬೆರೆತಾಗಲೇ ನನಗೆ ತಡೆಯಲಾಗುವುದಿಲ್ಲ. ಬರೀ ಕೊಳೆತದ್ದಾದರೆ ಸಹಿಸಬಹುದು. ಒಳ್ಳೆಯದು ಕೊಳೆತದ್ದರ ಜೊತೆ ಸೇರಿ ನಾರುವುದಿದೆಯಲ್ಲ, ಅದು ಬೇರೆ. ಅದು ನನ್ನನ್ನು ಶಿಕಾರಿಪುರದ ಮನೆಯ ಹಿತ್ತಲಿಗೆ, ಎಮ್ಮೆಗಳಿಗೆ ಕಲಗಚ್ಚು ಹಾಕುತ್ತಿದ್ದ ಕಲ್ಲಿನ ಬಾನಿಯ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ಬಾನಿಯೊಳಗೆ ಶೇಂಗಾ ಉಂಡಿಗಳು ಒಂದೊಂದಾಗಿ ಬಿರಿದು ಕರಗುತ್ತಿವೆ, ನಾನು ನೋಡುತ್ತ ನಿಂತಿದ್ದೇನೆ.

ಆ ಮನೆಯ ಮುಂಭಾಗ ಪಾತ್ರೆ ಅಂಗಡಿ, ಹಿಂಭಾಗ ನಾವು. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಆಮೇಲಾಮೇಲೆ ಬರೀ ಸ್ಟೀಲು. ತಾತ ಹೋದ ಮೇಲೆ ಅಪ್ಪ ಮತ್ತು ರುದ್ರೇಶ ಚಿಕ್ಕಪ್ಪ ಅಂಗಡಿ ನೋಡಿಕೊಳ್ಳುತ್ತಿದ್ದರು. ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಅಜ್ಜಿ. ಹಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸಲು ಅಪ್ಪ ವಯಸ್ಸಿನಲ್ಲಿ ಸೊರಬಕ್ಕೆ ಹೋಗಿಬರುತ್ತಿದ್ದರಂತೆ. ಕಲಾಯಿ ಹಾಕುತ್ತಿದ್ದವರ ಮಗಳು ನನ್ನ ಅಮ್ಮ, ನೂರಜಹಾನ್. ಇಬ್ಬರೂ ರಿಜಿಸ್ಟರ್ ಮದುವೆಯಾಗಿ ಬಂದು ಬಾಗಿಲಲ್ಲಿ ನಿಂತಾಗ ಅಜ್ಜಿ ಒಳಗೆ ಬಿಟ್ಟುಕೊಂಡಳು. ಅದಕ್ಕೆ ಮೊದಲು ಸ್ವಾಮಿಗಳನ್ನು ಕರೆಸಿ ಸೊಸೆಯ ಕೊರಳಿಗೆ ಲಿಂಗ ಕಟ್ಟಿಸಿದಳು, ಪಾರ್ವತಿ ಎಂದು ಹೆಸರಿಟ್ಟಳು, ಹಣೆಗೆ ವಿಭೂತಿ ಹಚ್ಚಿದಳು. ಊರಿಗೆಲ್ಲ ಅಜ್ಜಿಯದು ದೊಡ್ಡ ಮನಸ್ಸು ಎಂದು ಹೆಸರಾಯಿತು. ದಿನಾ ಬೆಳಿಗ್ಗೆ ವಚನ ಓದುವ ಬಾಯಿ ಅವಳದು. ಓದುವಾಗ ಕಣ್ಣು ತುಂಬಿಕೊಳ್ಳುತ್ತಿತ್ತು, ಅದು ನಾಟಕವಲ್ಲ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಎದ್ದು, ಅಮ್ಮ ಮುಟ್ಟಿದ ಉಪ್ಪಿನಕಾಯಿ ಭರಣಿ ಯಾವುದು, ಮುಟ್ಟದ್ದು ಯಾವುದು ಎಂದು ಬೇರೆ ಮಾಡಿಡುತ್ತಿದ್ದಳು. ಅದೂ ನಾಟಕವಲ್ಲ. ಒಬ್ಬಳಲ್ಲೇ ಇವೆರಡೂ ಹೇಗೆ ಅಷ್ಟು ಸುಖವಾಗಿ ಇದ್ದವು ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ಅಮ್ಮನ ತಮ್ಮ ಗೌಸ್ ಮಾಮೂ. ಶಿಕಾರಿಪುರದ ಮನೆಯ ಹೊಸಿಲ ಒಳಗೆ ಅವನನ್ನು 'ಮಾಮೂ' ಅಲ್ಲ, 'ಮಾಮ' ಎನ್ನಬೇಕೆಂದು ನನಗೆ ಕಲಿಸಿದ್ದರು. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಅವನ ಮನೆಯಲ್ಲಿ ಪಂಚಮಿ ಎಲ್ಲಿಂದ ಬರಬೇಕು? ಆದರೆ ಅಕ್ಕ ಸೇರಿದ ಮನೆಯಲ್ಲಿ ಹೀಗಿದೆ ಎಂದು ತಿಳಿದ ಮೇಲೆ ಅವನು ಒಂದು ವರ್ಷವೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸೊರಬದ ಬಸ್ಸಿಳಿದು, ಉಂಡಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬರುತ್ತಿದ್ದ. ಅಜ್ಜಿ ನಗುನಗುತ್ತ, "ಬರ್ರಿ ಸಾಬ್ರೆ, ಕುಂದ್ರಿ. ಬಸ್ಸು ಲಗೂನ ಸಿಕ್ತೇನು?" ಎನ್ನುತ್ತಿದ್ದಳು. ಕುಂದ್ರಿ ಎಂದರೆ ಹೊರಗಿನ ಕಟ್ಟೆಯ ಮೇಲೆ. ಮಾಮೂ ಡಬ್ಬಿ ಮುಂದೆ ಹಿಡಿದು ತಾನಾಗಿಯೇ ಹೇಳುತ್ತಿದ್ದ: "ನಮ್ಮನೆಯಲ್ಲಿ ಇದಕ್ಕೆ ಕೈ ಹಚ್ಚಿಲ್ಲ ಅಮ್ಮಾರೆ. ಪಕ್ಕದ ಮನೆ ಗಿರಿಜಮ್ಮೋರು ಕಟ್ಟಿ ಕೊಟ್ಟಿದ್ದು. ಅವರು ನಿಮ್ಮೋರೇ."

ಅವನನ್ನು ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಹೇಳಿಬಿಡುವಷ್ಟು ಅವನಿಗೆ ಅಭ್ಯಾಸವಾಗಿತ್ತು. ಅಜ್ಜಿ "ಅಯ್ಯ, ಇದೆಲ್ಲ ಯಾಕ್ ತರಾಕ್ ಹೋದ್ರಿ" ಎನ್ನುತ್ತ ಡಬ್ಬಿ ಇಸಿದುಕೊಂಡು, "ಹೆಂಗೂ ಬಂದೀರಿ, ಎರಡು ಪಾತ್ರಿಗೆ ಕಲಾಯಿ ಹಚ್ಚಿ ಹೋಗ್ರಿ" ಎಂದು ಒಳಗಿನಿಂದ ತಾಮ್ರದ ಪಾತ್ರೆಗಳನ್ನು ಹೊರಗಿಡಿಸುತ್ತಿದ್ದಳು. ಮಾಮೂ ತೋಳು ಮಡಚಿ, ಅಂಗಳದಲ್ಲಿ ಕುಳಿ ತೋಡಿ, ಇದ್ದಿಲು ಹೊತ್ತಿಸುತ್ತಿದ್ದ. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಬಿಳಿ ಹೊಗೆ ಎದ್ದು ಕಣ್ಣು ಉರಿಯುತ್ತಿತ್ತು. ಅವನು ಕರಗಿದ ತವರವನ್ನು ಹತ್ತಿಯ ಮುದ್ದೆಯಲ್ಲಿ ಒಳಗೆಲ್ಲ ಒರೆಸುತ್ತ ಬಂದಂತೆ ಕಪ್ಪು ಪಾತ್ರೆ ಬೆಳ್ಳಗೆ ಹೊಳೆಯುತ್ತಿತ್ತು. ಬಿಳಿ ಅಂಗಿಯ ತುಂಬ ಮಸಿ. ಅಜ್ಜಿ ಆ ಪಾತ್ರೆಗಳಿಗೆ ಹುಣಸೆಹಣ್ಣು ತಿಕ್ಕಿ, ಮೇಲೆ ನೀರು ಚಿಮುಕಿಸಿ, ಒಳಗೆ ತೆಗೆದುಕೊಳ್ಳುತ್ತಿದ್ದಳು. ಅವನ ಕೈ ಮುಟ್ಟಿದ ಪಾತ್ರೆ ಒಲೆಯವರೆಗೆ ಹೋಗುತ್ತಿತ್ತು. ಅವನು ಕಟ್ಟೆಯವರೆಗೆ. ಅವನೂ ಅಮ್ಮನೂ ಬೀದಿ ತಿರುಗುವುದನ್ನೇ ಕಾದಿದ್ದು ಉಂಡಿಯ ಡಬ್ಬಿ ಹಿತ್ತಲಿಗೆ ಹೋಗುತ್ತಿತ್ತು. ಒಂದು ಸಲ ನನಗೆ ಜ್ವರ ಬಂದು ಅಮ್ಮನ ಜೊತೆ ಹೋಗಲಾಗಲಿಲ್ಲ. ಆವತ್ತೇ ನಾನು ಬಾನಿಯೊಳಗೆ ನೋಡಿದ್ದು. ಎಮ್ಮೆ ಮೂಸಿ, ಸಂತೋಷದಿಂದ ತಿಂದಿತು. ಡಬ್ಬಿಯನ್ನು ತೊಳೆದು ಒರೆಸಿ, ಬರಿದು ಕಳಿಸಬಾರದೆಂದು ನಾಲ್ಕು ಬಾಳೆಹಣ್ಣು ಹಾಕಿ ಇಟ್ಟವಳೂ ಅಜ್ಜಿಯೇ.

ಸೊರಬದ ಮನೆ ಇದಕ್ಕಿಂತ ಮೇಲು ಎಂದು ನೀವು ತಿಳಿಯಬೇಡಿ. ಅಲ್ಲಿ ಕಾಲಿಟ್ಟ ಕೂಡಲೇ ಅಮ್ಮನ ತಾಯಿ, ನಾನಿ, ನನ್ನ ಗಲ್ಲ ಹಿಡಿದು, ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಆ ಎಂಜಲಿನಿಂದಲೇ ನನ್ನ ಹಣೆಯ ವಿಭೂತಿಯನ್ನು ತಿಕ್ಕಿ ತೆಗೆಯುತ್ತಿದ್ದಳು. ಎಲೆ ಅಡಿಕೆಯ ಘಾಟು, ಉಗುಳಿನ ತಂಪು ಹಣೆಯ ಮೇಲೆ ಒಣಗುವವರೆಗೆ ನಾನು ಉಸಿರು ಹಿಡಿದಿರುತ್ತಿದ್ದೆ. ಅದು ಪ್ರೀತಿಯೇ, ಮರುಗಳಿಗೆಯಲ್ಲಿ ಬಾಯಿಗೆ ಖರ್ಜೂರ ತುರುಕುತ್ತಿದ್ದಳು. ಅಲ್ಲಿಂದ ತಿರುಗಿ ಬಂದಾಗ ಶಿಕಾರಿಪುರದ ಬಾಗಿಲಲ್ಲೇ ಅಜ್ಜಿ ಅದೇ ಗಲ್ಲ ಹಿಡಿದು ಅದೇ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ಇಬ್ಬರು ಮುದುಕಿಯರ ನಡುವೆ ನನ್ನ ಮುಖ ತಿಕ್ಕಲು ಇಟ್ಟ ಪಾತ್ರೆಯಂತಾಗಿತ್ತು. ಅಮ್ಮನ ಅಪ್ಪ, ನಾನಾ, ಸತ್ತಾಗ ಸೊರಬದವರು ಅಮ್ಮನಿಗೆ ಹೇಳಿಕಳಿಸಿದ್ದು ಮಣ್ಣಾದ ಮೇಲೆ. ಅಮ್ಮ ಹೋಗಿ ಕೂತು ಅತ್ತಾಗ ನಾನಿ ಬಹಳ ಮೆತ್ತಗೆ, "ಹೇಳಿದ್ದರೆ ನೀನು ಬರ್ತಿದ್ದೆ ಬೇಟಿ, ಅದಕ್ಕೇ ಹೇಳಲಿಲ್ಲ" ಎಂದಳು. ಓಣಿಯ ಹಿರಿಯರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳಿಗೆ ಅಪ್ಪನ ಮುಖ ತೋರಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡಿದವರು ಅವರೇ. ನನ್ನನ್ನು ನೋಡಿ, ಬಿಸ್ಕತ್ತು ತಿನ್ನು ಮಗಳೇ ಎಂದರು.

ನಾನು ಓದುತ್ತಿದ್ದುದು ಸಿಸ್ಟರುಗಳ ಶಾಲೆಯಲ್ಲಿ. ಅಲ್ಲಿ ಮೂರನೆಯ ದೇವರು, ಅವನ ಮುಂದೆ ಮೊಣಕಾಲೂರಿ ಇಂಗ್ಲಿಷಿನಲ್ಲಿ ಪ್ರಾರ್ಥನೆ. ಬೆಳಗಿನ ಸಾಲಿನಲ್ಲಿ ಕೈ ಚಾಚಿ ದೇಶದವರೆಲ್ಲ ಒಡಹುಟ್ಟಿದವರೆಂದು ಪ್ರತಿಜ್ಞೆ ಮಾಡುತ್ತಿದ್ದೆವು. ನಾನು ಅದನ್ನು ನಿಜವಾಗಿ ನಂಬಿದ್ದೆ. ಸಂಜೆ ಮನೆಗೆ ಬಂದರೆ ಅಂಗಡಿಯ ಟೀವಿಯಲ್ಲಿ ಕ್ರಿಕೆಟ್ಟು. ಪಾಕಿಸ್ತಾನದ ಜೊತೆ ಆಟವಿದ್ದ ದಿನ ಚಿಕ್ಕಪ್ಪ ಟೀವಿಯನ್ನು ಅರ್ಧ ನೋಡಿದರೆ ಅಮ್ಮನ ಮುಖವನ್ನು ಅರ್ಧ ನೋಡುತ್ತಿದ್ದ. ನಮ್ಮವರು ಸೋತ ಸಂಜೆ ಅಮ್ಮ ಚಹಾ ತಂದಿಟ್ಟರೆ ಒಂದು ಗುಟುಕು ಕುಡಿದು, "ಏನ್ ಅತ್ತಿಗಿ, ಇವತ್ತು ಸಕ್ರಿ ಜಾಸ್ತಿ ಬಿದ್ದೈತಿ. ಏನ್ ಖುಷಿ ಸಮಾಚಾರ?" ಎನ್ನುತ್ತಿದ್ದ. ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು, ಸ್ವಲ್ಪ ತಡವಾಗಿ. ತೊಂಬತ್ತೆರಡರ ಡಿಸೆಂಬರಿನಲ್ಲಿ, ಮಸೀದಿ ಕೆಡವಿದ ಗಲಭೆಗೆ ಬಸ್ಸುಗಳು ನಿಂತಾಗ ಅಮ್ಮನಿಗೆ ಸೊರಬದ ಸುದ್ದಿಯೇ ಸಿಗಲಿಲ್ಲ. ಆ ದಿನಗಳಲ್ಲಿ ಅವಳು ರೇಡಿಯೋ ಹತ್ತಿರ ಹೋಗಿ ನಿಂತರೂ ಮನೆಯಲ್ಲಿ ಮಾತು ತಗ್ಗುತ್ತಿತ್ತು.

ಅಮ್ಮ ಇದಾವುದಕ್ಕೂ ಎದುರಾಡಿದವಳಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದು ಒಂದೇ. ಹೆಣ್ಣು ಕೊಟ್ಟ ಮನೆಯವರು ಬಂದರೆ ಅವರನ್ನು 'ಬೀಗರೇ' ಎಂದು ಕರೆದು, ಒಳಗೆ ಪಂಕ್ತಿಯಲ್ಲಿ ಕೂರಿಸಿ, ಒತ್ತಾಯ ಮಾಡಿ ಬಡಿಸಿ ಕಳಿಸುವುದು ಊರ ಎಲ್ಲ ಮನೆಗಳಲ್ಲೂ ಇತ್ತು. ನಮ್ಮ ಮನೆಯಲ್ಲಿ ಗೌಸ್ ಮಾಮೂ ಯಾವತ್ತೂ ಕಲಾಯಿ ಸಾಬರೇ. ಅಪ್ಪ ಊಟಕ್ಕೆ ಕೂತಾಗ ಅಮ್ಮ ಗಾಳಿ ಬೀಸುತ್ತ ಕೇಳುತ್ತಿದ್ದಳು, "ಒಂದ್ಸಲ ಅವನನ್ನ ಬೀಗರ ಹಂಗೆ ಕರೆದು ಒಳಗೆ ಕೂರಿಸಿ ಊಟ ಹಾಕಿಸ್ರಿ. ಮತ್ತೇನೂ ಕೇಳಾದಿಲ್ಲ ನಿಮ್ಮನ್ನ." ಅಪ್ಪ, "ಆಗ್ಲಿ ಆಗ್ಲಿ, ಅವ್ವನ ಮನಸು ನೋಡ್ಕೊಂಡು ಮಾಡೋಣು" ಎಂದು ಮಜ್ಜಿಗೆ ಕೇಳುತ್ತಿದ್ದರು.

ಆ ಸಂದರ್ಭ ನನ್ನಿಂದಲೇ ಬಂತು. ನಾನು ಏಳನೆಯ ಕ್ಲಾಸಿನಲ್ಲಿ ದೊಡ್ಡವಳಾದೆ. ಹುಡುಗಿ ದೊಡ್ಡವಳಾದರೆ ಸೋದರಮಾವನೇ ಬರಬೇಕು, ಅವನು ತಂದ ಸೀರೆ ಉಡಿಸಿಯೇ ಆರತಿ ಮಾಡಬೇಕು. ಅಂಗಡಿಗಳಿಗೆ ರಜೆ, ನೆಂಟರಿಗೂ ಅನುಕೂಲ ಎಂದು ಆಗಸ್ಟ್ ಹದಿನೈದಕ್ಕೆ ಗೊತ್ತು ಮಾಡಿದರು. ಅಜ್ಜಿ ಯಾರಿಗೂ ಹೇಳದೆ ಶಿರಾಳಕೊಪ್ಪದಿಂದ ತನ್ನ ಅಣ್ಣನ ಮಗ ವೀರೇಶನನ್ನು ಕರೆಸಿದ್ದಳು. "ಶಾಸ್ತ್ರಕ್ಕೊಬ್ಬ ಮಾವ ಬೇಕಲ್ಲವಾ, ಇವನೇ ಕೂರ್ತಾನ" ಎಂದಳು. ರೇಷ್ಮಾ ಎಂಬ ನನ್ನ ಹೆಸರೂ ಸರಿಯಾಗಿ ಗೊತ್ತಿಲ್ಲದೆ ಸುಧಾ ಎನ್ನುತ್ತಿದ್ದ ಆ ಮನುಷ್ಯ ನನ್ನ ಸೋದರಮಾವನಾದ. ಅಮ್ಮ ಅದನ್ನೂ ನುಂಗಿಕೊಂಡಳು. ಸೀರೆ ಯಾರದಾದರೂ ಇರಲಿ, ನನ್ನ ತಮ್ಮನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿ ಎಂದು ಅಪ್ಪನ ಕೈ ಹಿಡಿದಳು. ಅಪ್ಪ ಈ ಸಲ ಮಾತು ಕೊಟ್ಟರು.

ಮಾಮೂ ಬಂದಾಗ ಅವನ ಜೇಬಿಗೆ ಸಣ್ಣ ಕಾಗದದ ಬಾವುಟ ಚುಚ್ಚಿತ್ತು. ಸೊರಬದ ಉರ್ದು ಶಾಲೆಯಲ್ಲಿ ಧ್ವಜ ಹಾರಿಸಿದ್ದನ್ನು ನೋಡಿಕೊಂಡು ನೇರ ಬಸ್ಸು ಹತ್ತಿದ್ದ. ಕೈಯಲ್ಲಿ ನನಗೆಂದು ತಂದ ಜರಿ ಲಂಗದ ಬಟ್ಟೆ. ಕಟ್ಟೆಯ ಮೇಲೆ ನೆಂಟರ ಮಧ್ಯೆ ಕೂತಿದ್ದ ಚಿಕ್ಕಪ್ಪ ಬಾವುಟವನ್ನು ನೋಡಿ, "ಏನ್ ಸಾಬ್ರೆ, ನಿಮ್ದು ನಿನ್ನೇನೇ ಮುಗೀಲಿಲ್ಲೇನು ಸ್ವಾತಂತ್ರ್ಯ?" ಎಂದ. ಹದಿನಾಲ್ಕು ಯಾವ ದೇಶದ ದಿನವೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬರು ಎಲೆ ಅಡಿಕೆ ಉಗುಳಲು ಎದ್ದು ಹೋದರು, ನಗು ತಡೆಯಲಾರದೆ. ಮಾಮೂ ಮುಖ ಚೂರೂ ಬದಲಾಗದೆ, "ನಿನ್ನೆ ಎಲ್ಲಿ ಸಾವ್ಕಾರ್ರೆ, ನಿನ್ನೆ ಕುಪ್ಪಗಡ್ಡೆಯಲ್ಲಿ ಕೆಲಸ ಇತ್ತು ನೋಡಿ. ಹಂಡೆ ಇಷ್ಟಿಷ್ಟು ದೊಡ್ಡವು. ಬೆನ್ನೇ ಹೋತು" ಎಂದು ಸೊಂಟ ಹಿಡಿದು ತೋರಿಸಿದ. ಅವನಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಹಾಗೆ ಹೇಳಿದನೋ, ನಾನು ಕೇಳಲಿಲ್ಲ. ಮೂಲೆಯಲ್ಲಿ ಮಣೆ ಹಾಕಿ ನನ್ನನ್ನು ಕೂರಿಸಿದ್ದರು. ಕಿಟಕಿಯಿಂದ ಕಟ್ಟೆ, ಎದುರಿಗೆ ಪಡಸಾಲೆ, ಎರಡೂ ನನಗೆ ಕಾಣುತ್ತಿದ್ದವು.

ಅಪ್ಪ ಮಾತು ಉಳಿಸಿಕೊಂಡರು, ತಮ್ಮ ರೀತಿಯಲ್ಲಿ. ಮಾಮೂನನ್ನು ಮೊದಲ ಬಾರಿಗೆ ಒಳಗೆ ಕರೆತಂದು ಪಂಕ್ತಿಯ ಕೊನೆಯಲ್ಲಿ ಕೂರಿಸಿದರು. ಅವನಿಗೂ ಪಕ್ಕದ ನೆಂಟರಿಗೂ ನಡುವೆ ಒಂದು ಎಲೆ ಖಾಲಿ. ಯಾರೋ ಕೇಳಿದ್ದಕ್ಕೆ ಅಜ್ಜಿ, "ಒಬ್ಬರು ಬರೋರು ಅದಾರ" ಎಂದಳು. ಬರುವವರಿರಲಿಲ್ಲ. ಆ ಎಲೆಗೂ ಉಪ್ಪು, ಕೋಸಂಬರಿ, ಹೋಳಿಗೆ ಬಿತ್ತು. ಅನುಮಾನ ಬಾರದಿರಲೆಂದು ತುಪ್ಪವನ್ನೂ ಹಾಕಿದರು. ಸುಳ್ಳಿಗೆ ಇಷ್ಟು ಅಚ್ಚುಕಟ್ಟಾಗಿ ಬಡಿಸಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮಾಮೂ ತಲೆಯೆತ್ತದೆ, ಒಂದಗುಳೂ ಚೆಲ್ಲದೆ ಉಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ ಅವನನ್ನೇ ನೋಡುತ್ತಿದ್ದಳು. ಆಮೇಲೆ ಮುಂದಿನ ಪಂಕ್ತಿಗೆ ಪಾಯಸ ತರಲೆಂದು ಒಳಗೆ ಹೋದಳು.

ಊಟ ಮುಗಿಸಿ ನೆಂಟರೆಲ್ಲ ಎಲೆ ಬಿಟ್ಟು ಎದ್ದರು. ಕೆಲಸದ ಹಾಲಮ್ಮ ಬುಟ್ಟಿ ಹಿಡಿದು ಒಂದು ತುದಿಯಿಂದ ಎಲೆ ಎತ್ತುತ್ತ ಬಂದಳು. ಯಾರೂ ಮುಟ್ಟದ ಎಲೆಯನ್ನು ದಾಟಿ ಮಾಮೂನ ಎಲೆಯ ಹತ್ತಿರ ಬಂದು ಅಜ್ಜಿಯ ಕಡೆ ನೋಡಿದಳು. ಅಜ್ಜಿ ರೆಪ್ಪೆ ಕೂಡ ಆಡಿಸಲಿಲ್ಲ. ಹಾಲಮ್ಮ ಬುಟ್ಟಿ ತೆಗೆದುಕೊಂಡು ಹೊರಟುಹೋದಳು. ನೀವು ನಮ್ಮ ಕಡೆಯವರಾದರೆ ನಾನು ಬಿಡಿಸಿ ಹೇಳಬೇಕಿಲ್ಲ. ಉಂಡ ಅತಿಥಿಯ ಎಲೆಯನ್ನು ಮನೆಯವರು ಎತ್ತಬೇಕು. ತನ್ನ ಎಂಜಲೆಲೆಯನ್ನು ತಾನೇ ಎತ್ತುವವನು ಯಾರು, ಅವನನ್ನು ಹಳ್ಳಿಗಳಲ್ಲಿ ಎಲ್ಲಿ ಕೂರಿಸುತ್ತಿದ್ದರು ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಇನ್ನೂ ಕೂತಿದ್ದ ಮಾಮೂ ಮೆಲ್ಲಗೆ ಎಲೆ ಮಡಚಿದ, ನೆಲಕ್ಕೆ ಬಿದ್ದಿದ್ದ ಕರಿಬೇವನ್ನೂ ಎತ್ತಿ ಅದರೊಳಗೆ ಹಾಕಿದ. ಎದ್ದು ನಿಂತು, "ಎಲ್ಲಿ ಹಾಕ್ಲಿ ಅಮ್ಮಾರೆ?" ಎಂದು ಕೇಳಿದ.

"ಹಿತ್ತಲಾಗ ಬಾನಿ ಐತಿ ನೋಡ್ರಿ, ಅದರ ಬಾಜೂಕ" ಎಂದಳು ಅಜ್ಜಿ. ಅವನು ದಾಟಿ ಹೋದ ಮೇಲೆ ನೆಂಟರ ಕಡೆ ತಿರುಗಿ, ಮೆಚ್ಚಿಗೆಯಿಂದಲೇ, "ತಿಳಿದ ಮನಷಾ. ಹೇಳಿಸ್ಕಳಾದಿಲ್ಲ" ಎಂದಳು.

ಅಮ್ಮ ಪಾಯಸದ ಪಾತ್ರೆ ಹಿಡಿದು ಬಂದಾಗ ಅವಳ ತಮ್ಮ ಎಂಜಲೆಲೆ ಹಿಡಿದು ಎದುರಿಗೆ ಸಿಕ್ಕಿದ. ಬಾಗಿಲು ಇಕ್ಕಟ್ಟು. ಇಬ್ಬರೂ ಪಕ್ಕಕ್ಕೆ ಸರಿದು ಒಬ್ಬರಿಗೊಬ್ಬರು ದಾರಿ ಬಿಟ್ಟರು. "ಛಲೋ ಇತ್ತು ಆಪಾ ಊಟ" ಎಂದ ಅವನು ಅಕ್ಕನಿಗೆ. ಅಮ್ಮ ಪಾತ್ರೆಯನ್ನು ಕೆಳಗಿಟ್ಟಳು. ಪಡಸಾಲೆಗೆ ಬಂದು, ಬಾರದವರಿಗೆಂದು ಬಡಿಸಿಟ್ಟ ಎಲೆಯ ಮುಂದೆ ಕೂತಳು. ಗಂಡಸರೆಲ್ಲ ಇನ್ನೂ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಎಲ್ರದ್ದೂ ಆಗ್ಲಿ ತಡಿ ಪಾರ್ವತಿ" ಎಂದರು ಅಪ್ಪ. "ಹಸಿವಾಗೈತಿ" ಎಂದಳು ಅಮ್ಮ. ಆರಿದ ಹೋಳಿಗೆಯನ್ನು ನಿಧಾನವಾಗಿ ಉಂಡಳು. ಉಂಡು, ತನ್ನ ಎಲೆಯನ್ನು ತಾನೇ ಎತ್ತಿದಳು, ಸೆಗಣಿ ತಂದು ತಮ್ಮ ಕೂತಿದ್ದ ಜಾಗವನ್ನೂ ತಾನು ಕೂತ ಜಾಗವನ್ನೂ ಒಟ್ಟಿಗೆ ಸಾರಿಸಿದಳು. ವೀರೇಶ ತಂದ ಸೀರೆಯಲ್ಲಿ ನಾನು ಬೆವರುತ್ತ ಕೂತಿದ್ದೆ.

ಅಮ್ಮ ಇರುವವರೆಗೆ ಮಾಮೂ ಮತ್ತೆ ಆ ಮನೆಗೆ ಬರಲಿಲ್ಲ. ಅಮ್ಮನೇ ಬರಬೇಡ ಎಂದಳು. ಅವತ್ತಿನಿಂದ ಅವಳು ಊಟಕ್ಕೆ ಪಡಸಾಲೆಯ ಆ ತುದಿಯಲ್ಲೇ ಕೂರುತ್ತಿದ್ದಳು, ಎಲ್ಲರಿಂದ ಒಂದೆಲೆ ದೂರ. ತನ್ನ ತಟ್ಟೆ ತಾನೇ ತೊಳೆದು ಬೇರೆ ಇಡುತ್ತಿದ್ದಳು. ಅದು ಅವಳ ಸಿಟ್ಟು. ಜೀವಮಾನದಲ್ಲಿ ಅವಳು ತೋರಿಸಿದ ಸಿಟ್ಟು ಅದೊಂದೇ. ಆದರೆ ಆ ಮನೆ ಅದನ್ನೂ ಜೀರ್ಣಿಸಿಕೊಂಡಿತು. ಅಕ್ಕಪಕ್ಕದವರು ಬಂದಾಗ ಅಜ್ಜಿ ಅಮ್ಮನನ್ನು ತೋರಿಸಿ, "ನಮ್ ಪಾರ್ವತಿ ಭಾಳ ಶಿಸ್ತು ಕಣ್ರವ್ವಾ, ಒಬ್ಬರಿಗೆ ಮೈಲಿಗಿ ತಾಕ್ಸಾದಿಲ್ಲ" ಎಂದು ಹೊಗಳುತ್ತಿದ್ದಳು. ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಅಪ್ಪನಿಗೂ ಅದು ಅನುಕೂಲವೇ ಆಯಿತೆಂದು ಕಾಣುತ್ತದೆ.

ಅಮ್ಮ ತೀರಿಕೊಂಡದ್ದು ನಾನು ಪಿಯುಸಿಯಲ್ಲಿದ್ದಾಗ, ಕಾಮಾಲೆಯಿಂದ, ಮೂವತ್ತೊಂಬತ್ತಕ್ಕೆ. ಮುತ್ತೈದೆಯಾಗಿ ಹೋದವಳು ಎಂದು ಅರಿಶಿನ ಹಚ್ಚಿ, ಬಳೆ ತೊಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಅಂಥವಳಿಗೆ ಕೊನೆಯ ಸೀರೆ ತವರಿನದೇ ಆಗಬೇಕು. ಗೌಸ್ ಮಾಮೂ ಸೊರಬದಿಂದ ಬಂದು ಜನರ ಹಿಂದೆ, ಅಂಗಳದಲ್ಲಿ ನಿಂತಿದ್ದ. ಕಂಕುಳಲ್ಲಿ ಕಾಗದ ಸುತ್ತಿದ ಪೊಟ್ಟಣ. ಇದೂ ಅವನಿಗೆ ತಿಳಿದಿತ್ತು, ಯಾರು ಹೇಳಿದ್ದರೋ. ಸ್ವಾಮಿಗಳು "ತವರಿನೋರು ಯಾರದೀರಿ?" ಎಂದು ಕೇಳಿದರು. ವೀರೇಶ ಬಂದಿರಲಿಲ್ಲ. ಸಾವಿನ ಮನೆಗೆ ಬಾಡಿಗೆಯ ಅಣ್ಣಂದಿರು ಬರುವುದಿಲ್ಲ. ಅಪ್ಪ ಎದ್ದು, ಅಂಗಳದ ಕಡೆ ಕೈ ಚಾಚಿ, ಎಲ್ಲರಿಗೂ ಕೇಳುವಂತೆ, "ಬರ್ರಿ ಬೀಗರೆ, ಒಳಗ ಬರ್ರಿ. ಸೀರಿ ನೀವು ಹೊದಿಸ್ಬೇಕು" ಎಂದರು. ಅಜ್ಜಿ ಕೂಡ ಅಳುತ್ತ, "ಬರ್ರಿ ಬೀಗರೆ" ಎಂದಳು.

ಆ ಕ್ಷಣದ ಹೇಸಿಗೆಯನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆ ಮಾತಿಗೆ ಅಮ್ಮ ಎಷ್ಟು ವರ್ಷ ಕಾದಿದ್ದಳು. ಅವಳ ಕಿವಿ ಕೇಳುತ್ತಿದ್ದಷ್ಟು ದಿನ ಅದು ಅವರ ಬಾಯಿಗೆ ಬರಲಿಲ್ಲ. ಯಾರ ಊಟದ ಪಂಕ್ತಿಯೂ ಕೆಡದ ಹೊತ್ತಿನಲ್ಲಿ, ಒಂದು ಸೀರೆಯ ಅಗತ್ಯಕ್ಕೆ, ಎಷ್ಟು ಸಲೀಸಾಗಿ ಬಂತು. ಸುತ್ತಲಿದ್ದವರು ಕಣ್ಣೊರೆಸಿಕೊಂಡು, ಎಂಥಾ ಮನೆತನ ನೋಡಿ ಎಂದರು. ಮಾಮೂ ಚಪ್ಪಲಿ ಬಿಟ್ಟು ಒಳಗೆ ಬಂದ. ಹಸಿರು ಸೀರೆ. ಅದನ್ನು ಅಕ್ಕನ ಹೆಗಲಿಗೆ ಹೊದಿಸಿ, ಪಾದದ ಬಳಿ ಮಡಿಕೆ ಸರಿಮಾಡಿ, ಅವಳ ಕಿವಿಯ ಹತ್ತಿರ ಬಾಗಿ ಏನೋ ಅಂದ. ಅದು ನಮ್ಮ ಯಾರಿಗೂ ಕೇಳುವಂತಿರಲಿಲ್ಲ.

ಮಣ್ಣು ಮುಗಿದ ಮೇಲೆ ಊಟಕ್ಕೆ ನಿಲ್ಲಿ ಎಂದು ಅಪ್ಪ ಅವನ ಕೈ ಹಿಡಿದರು. "ಬಸ್ಸು ತಪ್ಪಿಹೋತದೆ" ಎಂದು ಅವನು ಹೊರಟ. ನಾನು ಕೇಳದೆಯೇ ಹಿಂದೆ ಹೋದೆ. ಆ ಮನೆ ಈಗಿಲ್ಲ. ಅಜ್ಜಿ, ಅಪ್ಪ ಹೋದ ಮೇಲೆ ಚಿಕ್ಕಪ್ಪ ಮಾರಿದ, ಆ ಜಾಗದಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಹಿತ್ತಲಿದ್ದಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಗೌಸ್ ಮಾಮೂನೂ ಹೋದ. ಯಾರು ಎಲ್ಲಿಯವರು ಎಂದು ಈಗ ಜನ ಮೊದಲಿಗಿಂತ ಜೋರಾಗಿ ಕೇಳುತ್ತಾರೆ. ನಾನು ನನ್ನ ಹೆಸರು ಮಾತ್ರ ಹೇಳಿ ಸುಮ್ಮನಾಗುತ್ತೇನೆ. ಆದರೆ ಆ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನಲ್ಲಿ ಮಾಮೂ ನನ್ನ ಮುಖ ನೋಡಿ, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ಲನೇ ರೇಷ್ಮಾ?" ಎಂದ. ಎದ್ದು ಹೋಗಿ ಬನ್ನು, ಎರಡು ಲೋಟ ಚಹಾ ತಂದ. ಬನ್ನನ್ನು ಮುರಿದು ದೊಡ್ಡ ಅರ್ಧವನ್ನು ನನ್ನ ಕೈಗಿಟ್ಟ. ಸೊರಬದ ಬಸ್ಸು ಬರುವವರೆಗೆ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ಕೂತು, ಅದನ್ನು ಚಹಾದಲ್ಲಿ ಅದ್ದಿ ಅದ್ದಿ ತಿಂದೆವು.